ಜೇಬು ನೋಡಿ ಕತ್ತರಿ ಹಾಕುವವಳು

ಟೇಲರಮ್ಮನಿಗೆ ಒಂದು ಹೆಮ್ಮೆಯಿತ್ತು. ಇರಲಿ ಬಿಡಿ, ಎಲ್ಲರಿಗೂ ಒಂದೊಂದಿರುತ್ತದೆ. ಜೇಬು ನೋಡದೆ ಯಾವ ಬಟ್ಟೆಗೂ ತಾನು ಕತ್ತರಿ ಹಾಕಿದವಳಲ್ಲ ಎಂಬುದು ಅವಳ ಹೆಮ್ಮೆ. ಪ್ಯಾಂಟಿನ ಉದ್ದ ಕಡಿಮೆ ಮಾಡಲು, ಕೋಟಿನ ತೋಳು ಮೊಟಕು ಮಾಡಲು, ಕೆಟ್ಟ ಜಿಪ್ ಬದಲಿಸಲು ಬಂದ ಬಟ್ಟೆಯನ್ನು ಮೊದಲು ಮೇಜಿನ ಮೇಲೆ ಹರಡುವಳು. ಒಳಜೇಬು, ಹೊರಜೇಬು ಎಲ್ಲ ತಡಕಿ, ಸಿಕ್ಕಿದ್ದನ್ನು ಸಣ್ಣ ಪೊಟ್ಟಣ ಕಟ್ಟಿ, ಅದೇ ಬಟ್ಟೆಗೆ ಪಿನ್ನು ಚುಚ್ಚಿದ ಮೇಲೆಯೇ ಟೇಪು ಕೈಗೆ ತೆಗೆದುಕೊಳ್ಳುವಳು. ಬೀಗದ ಕೈ, ಬಸ್ ಟಿಕೆಟು, ಯಾರದೋ ಮಗುವಿನ ಫೋಟೋ, ಒಂದು ಸಲವಂತೂ ಕಟ್ಟಿಸಿದ ಹಲ್ಲಿನ ಸೆಟ್ಟು. ಅದರ ಯಜಮಾನನಿಗೆ ಫೋನ್ ಮಾಡಿ ಹೇಗೆ ಹೇಳುವುದೆಂದು ಅವಳು ಒದ್ದಾಡುತ್ತಿದ್ದರೆ, ಪಕ್ಕದಲ್ಲಿ ಕೂತಿದ್ದ ಮಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಮಗನ ವಿಷಯ ಬಂತಲ್ಲ, ಹೇಳಿಯೇಬಿಡುತ್ತೇನೆ. ಅವನು ಈಗಿಲ್ಲ.

ಹೋದಾಗ ಅವನಿಗೆ ಹದಿನೇಳು ತುಂಬಿತ್ತು. ತಂಗಿ ಅವನಿಗಿಂತ ಐದು ವರ್ಷ ಚಿಕ್ಕವಳು. ಅಂಬೆಗಾಲಿಡುವಾಗ ಹೊಲಿಗೆ ಯಂತ್ರದ ಕೆಳಗೆ ಬಿದ್ದಿದ್ದ ಅಂಗಿಯ ಗುಂಡಿ ನುಂಗಿ ಮನೆಮಂದಿಯನ್ನೆಲ್ಲ ಗೋಳುಹೊಯ್ದುಕೊಂಡಿದ್ದಕ್ಕೆ ಅವಳಿಗೆ ಗುಂಡಿ ಎಂದೇ ಹೆಸರು ನಿಂತಿತ್ತು. ಅವರಪ್ಪ ಸರಕು ಹಡಗಿನಲ್ಲಿ ಅಡುಗೆಯವನು, ವರ್ಷದ ಬಹುಪಾಲು ನೀರಿನ ಮೇಲೆ. ಹಾಗಾಗಿ ಅಣ್ಣ ತಂಗಿ ಇಬ್ಬರೂ ಶಾಲೆ ಬಿಟ್ಟ ಮೇಲೆ ಅಮ್ಮನ ಅಂಗಡಿಯಲ್ಲೇ. ಆ ವಾಣಿಜ್ಯ ಕಟ್ಟಡದ ನೆಲಮಹಡಿಯಲ್ಲಿ ಟೇಲರಮ್ಮನ ಅಂಗಡಿ, ಅದರ ಪಕ್ಕ ಜೆರಾಕ್ಸ್ ಅಂಗಡಿ, ಅದರಾಚೆ ಗೇಮ್ ಅಂಗಡಿ. ಅದನ್ನು ನಡೆಸುವವನಿಗೆ ಎದೆಯ ತನಕ ಗಡ್ಡ. ಮಕ್ಕಳೆಲ್ಲ ಅವನನ್ನು ಗಡ್ಡಣ್ಣ ಎನ್ನುತ್ತಿದ್ದರು.

ಅಣ್ಣ ತಂಗಿಗೆ ಗೇಮಿನ ಸುದ್ದಿ ಎಂದರೆ ಊಟಕ್ಕಿಂತ ಹೆಚ್ಚು. ಹೊಸ ಕನ್ಸೋಲ್ ಬರುತ್ತಂತೆ, ಅದರ ಚಿತ್ರ ಎಲ್ಲೋ ಸೋರಿಕೆಯಾಗಿದೆಯಂತೆ, ಅಲ್ಲ, ಅದು ಸುಳ್ಳು ಚಿತ್ರವಂತೆ, ಕಂಟ್ರೋಲರ್ ಬಣ್ಣ ಬೇರೆಯಂತೆ! ಒಂದೇ ಫೋನಿಗೆ ಎರಡು ತಲೆ ಒತ್ತಿಕೊಂಡು ಓದುವರು.

"ಅಮ್ಮಾ, ಹೊಸದರ ಚಿಪ್ ಎಷ್ಟು ಜೋರು ಗೊತ್ತಾ? ಹಳೇದು ಇದರ ಮುಂದೆ ಏನೇನೂ ಅಲ್ಲ."

"ಚಿಪ್ಪು ಹಾಗಿರ್ಲಿ, ಈ ಸೂಜಿಗೆ ದಾರ ಪೋಣಿಸಿಕೊಡು ಮಾರಾಯ. ನಂಗೆ ಕಣ್ಣು ಕಾಣ್ತಿಲ್ಲ."

ದಾರ ಪೋಣಿಸುತ್ತಲೇ ಅವನು ಸುದ್ದಿ ಮುಂದುವರಿಸುವನು. ಬಿಡುವವನಲ್ಲ ಆಸಾಮಿ.

ಮನೆಯಲ್ಲಿದ್ದ ಹಳೆಯ ಕನ್ಸೋಲಿನಲ್ಲಿ ಅವರಿಬ್ಬರ ಪ್ರಾಣವೆಂದರೆ ದೀಪದೂರು ಎಂಬ ಆಟ. ಇಬ್ಬರೇ ಆಡುವಂಥದ್ದು. ಹೊಳೆಯ ದಡದಲ್ಲಿ ಒಂದು ಖಾಲಿ ಜಾಗ. ಇಬ್ಬರಿಗೂ ಒಂದೊಂದು ಗೊಂಬೆ. ಗೊಂಬೆಗಳು ಮರ ಕಡಿದು, ಕಲ್ಲು ಹೊತ್ತು, ಮನೆ ಕಟ್ಟಿ, ಬೀದಿಗೆ ದೀಪ ಹಚ್ಚಿ ಊರು ಮಾಡಬೇಕು. ಯಾರನ್ನೂ ಕೊಲ್ಲುವ ಗೋಜಿಲ್ಲ. ಸಂಜೆಯಾದರೆ ಎರಡು ಗೊಂಬೆಯೂ ಮನೆಗೆ ಬಂದು ಮಲಗಬೇಕು. ಮೊದಲು ಮಲಗಿದ್ದು ಮೊದಲು ಏಳುತ್ತದೆ. ಎದ್ದ ಗೊಂಬೆ ಇನ್ನೊಂದರ ಹತ್ತಿರ ಹೋಗಿ ಎಬ್ಬಿಸಬೇಕು, ಎಬ್ಬಿಸಿದರೆ ಮಾತ್ರ ಆ ದಿನ ಶುರು. ಅಣ್ಣನ ಗೊಂಬೆ ಯಾವಾಗಲೂ ತಡವಾಗಿ ಮಲಗುವುದು, ತಂಗಿಯ ಗೊಂಬೆ ಎಬ್ಬಿಸುವುದು. ನಿಜವಾದ ಮನೆಯಲ್ಲೂ ಇದೇ ಕತೆ. ಬೆಳಿಗ್ಗೆ ಹೊದಿಕೆ ಎಳೆದು, ಕಾಲಿಗೆ ಕಚಗುಳಿಯಿಟ್ಟು ಅವನನ್ನು ಎಬ್ಬಿಸುವ ಕೆಲಸ ಗುಂಡಿಯದೇ ಆಗಿತ್ತು.

ಒಂದು ಸಂಜೆ ಅವನಿಗೆ ಹೊಟ್ಟೆನೋವು ಶುರುವಾಯಿತು. ಮೊದಲು ಏನೋ ತಿಂದದ್ದು ಎಂದುಕೊಂಡರು. ನೋವು ಬಲಗಡೆಗೆ ಸರಿದು ಬಗ್ಗಿಸಿ ಹಾಕಿದಾಗ ಟೇಲರಮ್ಮ ಆಟೋ ತರಲು ಓಡಿದಳು. ಆಟೋ ಬರುವ ತನಕ ಅವನು ಹೊಟ್ಟೆ ಒತ್ತಿಕೊಂಡೇ ತನ್ನ ಗೊಂಬೆಯನ್ನು ಹಾಸಿಗೆಗೆ ಸೇರಿಸಿ, ಹಸಿರು ಹೊದಿಕೆ ಹೊದಿಸಿದ. ತಂಗಿಯ ಗೊಂಬೆ ಅಷ್ಟರಲ್ಲಾಗಲೇ ಮಲಗಿತ್ತು. ಆಟದಲ್ಲಿ ಬೆಳಗಾಗಿ ಅವಳ ಗೊಂಬೆ ಎದ್ದು ಕೂತಿತು.

"ಈಗ ಎಬ್ಬಿಸ್ಬೇಡ ನನ್ನ," ಎಂದ ಅವನು. "ನಾನಿಲ್ದೆ ಇರೋವಾಗ ಸೇತುವೆ ಪೂರ್ತಿ ನೀನೇ ಕಟ್ಟಿ ಮೆರೀತೀಯಾ, ನಂಗೊತ್ತು. ಆಸ್ಪತ್ರೆಯಿಂದ ಬಂದ್ಮೇಲೆ ಎಬ್ಬಿಸು. ಅಲ್ಲೀವರೆಗೂ ಮಲಗಿರ್ತೀನಿ."

"ಬೇಗ ಬಾ ಮತ್ತೆ."

"ಬರ್ತೀನಿ ಕಣೆ ಗುಂಡಿ."

ಕರುಳಿನ ತುದಿಯ ಅಪೆಂಡಿಕ್ಸ್ ಆಗಲೇ ಒಡೆದಿತ್ತು. ಆಪರೇಷನ್ ಆಯಿತು. ವಿಷ ರಕ್ತಕ್ಕೆ ಏರಿತ್ತು. ರಾತ್ರಿಯೆಲ್ಲ ನರಳಿದವನಿಗೆ ಬೆಳಗಿನ ಜಾವ ನಿದ್ದೆ ಹತ್ತಿತು. ಸದ್ಯ, ಮಲಗಲಿ ಎಂದು ಟೇಲರಮ್ಮ ಹೊದಿಕೆ ಎಳೆದು, ಮುಖ ತೊಳೆದು ಬರಲು ಹೋದಳು. ಬರುವಷ್ಟರಲ್ಲಿ ಮಂಚದ ಸುತ್ತ ಪರದೆ ಎಳೆದಿದ್ದರು.

ಇಷ್ಟು ಹೇಳಿದ ಮೇಲೆ ನಿಮಗೆ ಅರ್ಥವಾಗಿರುತ್ತದೆ, ಹಳೆಯ ಕನ್ಸೋಲಿನಲ್ಲಿ ಏನಿತ್ತು ಎಂದು. ದೀಪದೂರಿನಲ್ಲಿ ಅವನು ಹಸಿರು ಹೊದಿಕೆ ಹೊದ್ದು ಮಲಗಿದ್ದ. ಗುಂಡಿಯ ಗೊಂಬೆ ಪಕ್ಕದ ಹಾಸಿಗೆಯ ಮೇಲೆ ಎದ್ದು ಕೂತಿತ್ತು. ಆಟದಲ್ಲಿ ಇದ್ದದ್ದು ಇದ್ದಲ್ಲೇ ಉಳಿದಿತ್ತು. ಗುಂಡಿ ಪ್ರತಿ ಸಂಜೆ ಶಾಲೆಯಿಂದ ಬಂದು ಅದನ್ನು ತೆರೆಯುವಳು, ಸ್ವಲ್ಪ ಹೊತ್ತು ನೋಡುವಳು, ಆರಿಸುವಳು. ಹೊದಿಕೆ ಉಸಿರಿಗೆ ತಕ್ಕ ಹಾಗೆ ಸಣ್ಣಗೆ ಏರಿಳಿಯುತ್ತಿತ್ತು. ಎಬ್ಬಿಸುವ ಬಟನ್ ಅವಳು ಒತ್ತಲಿಲ್ಲ. ಒತ್ತಿದರೆ ಗೊಂಬೆ ಏಳುತ್ತದೆ, ಎದ್ದು ಸುಮ್ಮನೆ ನಿಲ್ಲುತ್ತದೆ, ಅದನ್ನು ಆಡಿಸುವವರಿಲ್ಲ. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಹುಚ್ಚು ಎನ್ನುತ್ತಾರೆಂಬ ಭಯವಿತ್ತು.

ಟೇಲರಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನು ದಿನವೂ ನೋಡಿದಳು. ಅದೇ ಕೋಣೆ, ಅದೇ ಎರಡು ಮಂಚ, ಅದೇ ಹಸಿರು ಹೊದಿಕೆ. ಒಂದಿಂಚೂ ಮುಂದೆ ಹೋಗುತ್ತಿಲ್ಲ. ಅವಳು ತಿಳಿದದ್ದು ಒಂದೇ. ಅಯ್ಯೋ, ಡಬ್ಬ ಕೆಟ್ಟಿದೆ, ಮಗಳು ಬಾಯಿಬಿಟ್ಟು ಹೇಳುತ್ತಿಲ್ಲ. ಅಣ್ಣ ಹೋದ ಮೇಲೆ ಗುಂಡಿ ಹೇಗೂ ಮಾತು ಕಡಿಮೆ ಮಾಡಿದ್ದಳು. ಊಟ ಬೇಕೇ ಎಂದರೆ ತಲೆ ಅಲ್ಲಾಡಿಸುವಳು. ಗೇಮಿನ ಸುದ್ದಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಹಾಗಾಗಿ ಸುದ್ದಿ ಓದುವ ಕೆಲಸವನ್ನು ಅಮ್ಮ ವಹಿಸಿಕೊಂಡಳು. ನಗಬೇಡಿ. ಎರಡು ಪ್ಯಾಂಟುಗಳ ನಡುವೆ ಕನ್ನಡಕ ಮೂಗಿಗೇರಿಸಿ, ಮಗನ ಫೋನಿನಲ್ಲೇ ಅವನು ಓದುತ್ತಿದ್ದ ಪುಟಗಳನ್ನು ಓದತೊಡಗಿದಳು. ಅರ್ಧ ಅರ್ಥವಾಗುತ್ತಿರಲಿಲ್ಲ. ಟ್ರೇಲರ್ ನೋಡುವಳು. ದೀಪದೂರಿನ ಎರಡನೇ ಭಾಗ ಬರುತ್ತದೆಂದರು, ಮುಂದೆ ಹಾಕಿದರು, ಮತ್ತೆ ಮುಂದೆ ಹಾಕಿದರು. "ಇವರಿಗೊಂದು ಕೋಟು ಹೊಲಿಯೋಕೆ ಕೊಟ್ಟಿದ್ರೆ ಗಿರಾಕಿ ಮುದುಕನಾಗ್ತಿದ್ದ" ಎಂದು ಬೈದುಕೊಂಡಳು. ಕೊನೆಗೆ ಹೊಸ ಕನ್ಸೋಲಿನ ದಿನವಂತೂ ಗೊತ್ತಾಯಿತು. ಅದರ ಜೊತೆಗೇ ಇನ್ನೊಂದು ಸುದ್ದಿ ಓದಿದಳು: ಹಳೆಯ ಡಿಸ್ಕ್‌ಗಳು ಹೊಸದರಲ್ಲೂ ಓಡುತ್ತವೆ. ಅದನ್ನು ಓದಿ ಅವಳಿಗೆ ಎಷ್ಟೋ ಕಾಲದ ಮೇಲೆ ಮನಸ್ಸು ಸ್ವಲ್ಪ ಹಗುರವಾಯಿತು.

ಅದೇ ವಾರ ಗಡ್ಡಣ್ಣ ಬಂದು ಬಾಗಿಲಲ್ಲಿ ನಿಂತ.

"ಅಕ್ಕಾ, ಹೇಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ. ನಿಮ್ಮ ಮಗ ಹೊಸದಕ್ಕೆ ಎಲ್ಲರಿಗಿಂತ ಮೊದಲೇ ಹೆಸರು ಹೇಳಿಟ್ಟಿದ್ದ. ಅವನ ಸರದಿ ಬಂದಿದೆ. ಬೇಡ ಅಂದ್ರೆ ಬೇರೆಯವರಿಗೆ ಕೊಡ್ತೀನಿ."

"ಬೇರೆಯವರಿಗೆ ಯಾಕೆ ಕೊಡ್ತೀಯಪ್ಪ? ನನ್ನ ಮಗಂದು ಅದು," ಎಂದಳು ಟೇಲರಮ್ಮ. ಆಮೇಲೆ ದನಿ ತಗ್ಗಿಸಿ ಕೇಳಿದಳು. "ಹಳೇದನ್ನ ತಗೊಂಡು ಕಡಿಮೆಗೆ ಕೊಡ್ತೀಯಾ? ಪೂರ್ತಿ ಕೊಟ್ಟು ತಗೊಳ್ಳೋ ಹಾಗಿಲ್ಲ ನಾನು. ಅದು ಹೇಗೂ ಕೆಟ್ಟು ಕೂತಿದೆ. ಒಂದೇ ಚಿತ್ರದಲ್ಲಿ ನಿಂತುಬಿಟ್ಟಿದೆ."

"ಹಳೇವು ಹಾಗೇ ಅಕ್ಕಾ, ಹ್ಯಾಂಗ್ ಆಗ್ತಿರ್ತವೆ. ತನ್ನಿ, ನೋಡಿಕೊಳ್ಳೋಣ."

ಹೊಸದು ಅಂಗಡಿಗೆ ಬಂದ ದಿನ ಗುಂಡಿ ಶಾಲೆಗೆ ಹೋದ ಮೇಲೆ ಟೇಲರಮ್ಮ ಡಬ್ಬವನ್ನು ಟೀವಿಯ ಕೆಳಗಿಂದ ಎಳೆದಳು. ಧೂಳು ಒರೆಸಿದಳು. ಮತ್ತೆ, ಜೇಬು ನೋಡುವವಳಲ್ಲವೇ, ಅದರ ಬಾಯಿಯಲ್ಲಿ ಉಳಿದಿದ್ದ ಡಿಸ್ಕನ್ನು ಹೊರಗೆ ತೆಗೆದಳು. ದೀಪದೂರು. ಮಗನ ಉಳಿದ ಡಿಸ್ಕ್‌ಗಳನ್ನೂ ಹುಡುಕಿ ಒಟ್ಟು ಮಾಡಿದಳು. ಗೀರು ಬೀಳಬಾರದೆಂದು ಮಖಮಲ್ ಚೂರುಗಳಲ್ಲಿ ಒಂದೊಂದಕ್ಕೂ ಒಂದೊಂದು ಚೀಲ ಹೊಲಿದಿಟ್ಟಿದ್ದಳು, ಒಳಗೆ ಹತ್ತಿಯ ಅಸ್ತರು, ಬಾಯಿಗೆ ದಾರದ ಬಿಗಿತ. ಆಡಿದ್ದೆಲ್ಲ ಇದರಲ್ಲಿರುತ್ತದೆ, ಡಬ್ಬ ಬರೀ ಡಬ್ಬ, ಎಂದು ಅವಳ ಲೆಕ್ಕ. ಹಾಡಿನ ಕ್ಯಾಸೆಟ್ಟು ಕಂಡವಳು. ಟೇಪ್‌ರೆಕಾರ್ಡರ್ ಬದಲಾದರೆ ಹಾಡೇನೂ ಬದಲಾಗುವುದಿಲ್ಲವಲ್ಲ!

ಗೇಮ್ ಅಂಗಡಿಯ ಮುಂದೆ ಜನವೋ ಜನ. ಕಾಲೇಜಿನ ಹುಡುಗರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಒಬ್ಬ ಅಪ್ಪ, ಫೋಟೋ ತೆಗೆದುಕೊಳ್ಳುವವರು. "ಏನು ಟೇಲರಮ್ಮ, ನೀವೂ ಶುರು ಹಚ್ಕೊಂಡ್ರಾ?" ಎಂದು ಜೆರಾಕ್ಸಿನವನು ತಮಾಷೆ ಮಾಡಿದ. "ಏನ್ಮಾಡ್ಲಿ, ನಿನ್ನ ಪ್ಯಾಂಟು ಹೊಲ್ದೂ ಹೊಲ್ದೂ ಬೇಜಾರಾಗಿದೆ" ಎಂದಳು ಇವಳು. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಮಗ ಇದ್ದಿದ್ದರೆ ಈ ಸಾಲಿನ ಎಲ್ಲರಿಗಿಂತ ಮುಂದೆ ನಿಂತಿರುತ್ತಿದ್ದ ಎನಿಸಿ ಅವಳು ಸೆರಗಿನ ತುದಿಯಿಂದ ಮೂಗೊರೆಸಿಕೊಂಡಳು.

ಗಡ್ಡಣ್ಣ ಹಳೆಯ ಡಬ್ಬಕ್ಕೆ ತಂತಿ ಸಿಕ್ಕಿಸಿ, ಕೌಂಟರಿನ ಪುಟ್ಟ ಟೀವಿಗೆ ಜೋಡಿಸಿದ. ಹಳೆಯದು ಯಾರದೇ ಆಗಲಿ, ಒಳಗಿರುವುದನ್ನು ಪೂರ್ತಿ ಅಳಿಸಿಯೇ ಒಳಗೆ ತೆಗೆದುಕೊಳ್ಳುವುದು ಅವನ ಪದ್ಧತಿ. ಅಳಿಸುವ ಬಟನ್ ಮಾತ್ರ ತಂದವರೇ ಒತ್ತಬೇಕು. ಹಿಂದೆ ಯಾರೋ ಗಿರಾಕಿ ಆಮೇಲೆ ಬಂದು ಜಗಳ ತೆಗೆದ ಮೇಲೆ ಆ ನಿಯಮ ಮಾಡಿಕೊಂಡಿದ್ದ.

"ಅಕ್ಕಾ, ಇದರಲ್ಲಿ ಬೇಕಾದ್ದು ಏನಾದ್ರೂ ಇದೆಯಾ? ಅಳಿಸಿದ್ರೆ ಮತ್ತೆ ಬರಲ್ಲ."

ಟೇಲರಮ್ಮ ಕೈಚೀಲವನ್ನು ತಟ್ಟಿ ತೋರಿಸಿದಳು. ಒಳಗೆ ಮಖಮಲ್ ಚೀಲಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು.

"ಬೇಕಾದ್ದನ್ನೆಲ್ಲ ತೆಗೆದಿಟ್ಟುಕೊಂಡಿದ್ದೀನಪ್ಪ. ನಾನೇನು ಜೇಬು ನೋಡದೆ ಕೊಡೋಳಾ?"

ಹಿಂದೆ ಸಾಲು ಬೆಳೆಯುತ್ತಿತ್ತು. ಗಡ್ಡಣ್ಣನಿಗೂ ಪುರುಸೊತ್ತಿರಲಿಲ್ಲ. ಕಂಟ್ರೋಲರನ್ನು ಅವಳ ಕೈಗಿಟ್ಟು, ಹೌದು ಎನ್ನುವುದಕ್ಕೆ ಯಾವ ಬಟನ್ ಎಂದು ಬೆರಳಿಟ್ಟು ತೋರಿಸಿದ. ಮಗನ ಹೆಬ್ಬೆರಳು ಸವೆಸಿದ್ದ ಬಟನ್ ಅದು. ಅದರ ಮೇಲಿನ ಗುರುತು ಅಳಿಸಿಹೋಗಿ ನುಣ್ಣಗಾಗಿತ್ತು. ಟೇಲರಮ್ಮ ಒತ್ತಿದಳು. ಟೀವಿಯ ಮೇಲೆ ಒಂದು ಬಿಳಿ ಗೆರೆ ಈ ಕಡೆಯಿಂದ ಆ ಕಡೆಗೆ ತುಂಬುತ್ತ ಹೋಯಿತು. ಚೊಕ್ಕಟವಾಗಿ ಅಂಚು ಮಡಿಚಿ ಹೆಮ್ ಹೊಲಿದ ಹಾಗಿದೆ ಎಂದುಕೊಂಡು ಅವಳು ಅದು ಮುಗಿಯುವ ತನಕ ನೋಡುತ್ತ ನಿಂತಳು.

ಸಂಜೆ ಗುಂಡಿ ಬಂದಾಗ ಟೀವಿಯ ಕೆಳಗೆ ಹೊಸ ಕನ್ಸೋಲ್ ಬೆಳ್ಳಗೆ ಕೂತಿತ್ತು. ಹುಡುಗಿ ಶೂ ಬಿಚ್ಚುವುದನ್ನೂ ಮರೆತು ನಿಂತಳು.

"ನಿಮ್ಮಣ್ಣ ಹೇಳಿಟ್ಟಿದ್ದು ಕಣೆ. ಅವನ ಸರದೀದು," ಎಂದಳು ಅಮ್ಮ. ಮುಖದ ತುಂಬ ನಗು.

"ಹಳೇದು ಎಲ್ಲಿ?"

"ಅದು ಕೆಟ್ಟಿತ್ತಲ್ಲ. ಕೊಟ್ಟುಬಿಟ್ಟೆ. ಹೆದರ್ಬೇಡ, ಅಣ್ಣಂದೆಲ್ಲ ಇಲ್ಲೇ ಇದೆ, ನೋಡಿಲ್ಲಿ." ಮಖಮಲ್ ಚೀಲಗಳನ್ನು ಒಂದೊಂದಾಗಿ ಮಗಳ ಮುಂದೆ ಇಟ್ಟಳು. "ಒಂದನ್ನೂ ಬಿಟ್ಟಿಲ್ಲ. ಹೊಸದರಲ್ಲೂ ಓಡುತ್ತೆ ಅಂತ ಓದಿದ್ದೀನಿ."

ಗುಂಡಿ ದೀಪದೂರಿನ ಚೀಲದ ದಾರ ಬಿಚ್ಚಿದಳು, ಡಿಸ್ಕ್ ಹಾಕಿದಳು. ಆಟ ಓಡಿತು. ಓಡದೇ ಏನು, ಬಹಳ ಚೆನ್ನಾಗಿಯೇ ಓಡಿತು, ಹೊಳೆಯ ನೀರು ಹಿಂದೆಂದೂ ಅಷ್ಟು ಫಳಫಳ ಎಂದಿರಲಿಲ್ಲ. ಆದರೆ ದಡ ಖಾಲಿ. ಮನೆಯಿಲ್ಲ, ಬೀದಿಯಿಲ್ಲ, ದೀಪವಿಲ್ಲ. ಹೊಸದಾಗಿ ಶುರು ಮಾಡಿ ಎಂಬ ಒಂದೇ ಸಾಲು ಮಿಣುಕುತ್ತಿತ್ತು.

"ಆಡಿದ್ದು ಡಿಸ್ಕಲ್ಲಿ ಇರಲ್ಲ ಅಮ್ಮ," ಎಂದಳು ಗುಂಡಿ. "ಡಬ್ಬದಲ್ಲಿರುತ್ತೆ."

ಅಮ್ಮ ಮಗಳು ಇಬ್ಬರೂ ಬಾಗಿಲು ಮುಂದೆ ಮಾಡಿ ಓಡಿದರು. ಗೇಮ್ ಅಂಗಡಿಯಲ್ಲಿ ಈಗ ಜನ ಕರಗಿದ್ದರು. ಹಳೆಯ ಡಬ್ಬ ಗೋಡೆ ಪಕ್ಕದ ರಾಶಿಯಲ್ಲಿತ್ತು. ಗುಂಡಿ ಕೇಳಿದ್ದು ಒಂದೇ ಮಾತು.

"ಅಳಿಸಿದ್ದು ವಾಪಸ್ ಬರುತ್ತಾ ಅಣ್ಣ?"

ಗಡ್ಡಣ್ಣ ಹುಡುಗಿಯ ಮುಖ ನೋಡಿದ, ಅವಳಮ್ಮನ ಮುಖ ನೋಡಿದ. ಅರ್ಥ ಮಾಡಿಕೊಂಡ. "ನೆಟ್ಟಲ್ಲಿ ಇನ್ನೊಂದು ಪ್ರತಿ ಇಟ್ಟಿದ್ರಾ?" ಎಂದ. ಗುಂಡಿ ಇಲ್ಲವೆಂದು ತಲೆಯಾಡಿಸಿದಳು. ಅವನು ಗಡ್ಡ ತೀಡಿಕೊಂಡು ನೆಲ ನೋಡಿದ.

"ಬರಲ್ಲ ಮರಿ. ನಂದೇ ತಪ್ಪು. ಜನ ಜಾಸ್ತಿ ಇದ್ರು, ಕೇಳದೆ ಅಳಿಸಿಬಿಟ್ಟೆ."

ಒಳ್ಳೆಯವನು ಗಡ್ಡಣ್ಣ. ಆ ಸುಳ್ಳನ್ನು ಹಿಡಿದುಕೊಂಡು ಟೇಲರಮ್ಮ ಬಚಾವಾಗಬಹುದಿತ್ತು. ಒಂದು ಗಳಿಗೆ ಆಸೆಯೂ ಆಯಿತು, ಇಲ್ಲವೆಂದರೆ ಅದು ಸುಳ್ಳು.

"ಅವರಲ್ಲ ಕಣೆ. ಅವರು ಕೇಳಿದ್ರು," ಎಂದಳು. "ಬೇಕಾದ್ದು ಇದೆಯಾ ಅಂತ ಸರಿಯಾಗೇ ಕೇಳಿದ್ರು. ಒತ್ತಿದ್ದು ನಾನು."

ಗುಂಡಿ ಅಳಲಿಲ್ಲ, ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ತಿರುಗಿ ಮನೆಯ ದಾರಿ ಹಿಡಿದಳು. ಅಮ್ಮ ಹಿಂದೆ ಹಿಂದೆ. ದಾರಿಯಲ್ಲಿ ನಡೆಯುತ್ತಲೇ, ಹಿಂದಕ್ಕೆ ತಿರುಗದೆ, ಎಲ್ಲ ಹೇಳಿದಳು. ಅಣ್ಣ ಮಲಗಿದ್ದು, ಹಸಿರು ಹೊದಿಕೆ, ಬಂದ ಮೇಲೆ ಎಬ್ಬಿಸು ಎಂದದ್ದು. ಡಬ್ಬ ಕೆಟ್ಟಿರಲಿಲ್ಲ ಅಮ್ಮ, ನಾನೇ ಒತ್ತಿರಲಿಲ್ಲ, ಎಂದಳು. ಅಷ್ಟು ಉದ್ದ ಮಾತನ್ನು ಅವಳು ತಿಂಗಳುಗಟ್ಟಲೆ ಆಡಿರಲಿಲ್ಲ. ಅದಾದ ಮೇಲೆ ಮತ್ತೆ ಬಾಯಿ ಮುಚ್ಚಿತು.

ಟೇಲರಮ್ಮ ಮರುದಿನ ಅಂಗಡಿ ತೆರೆದಳು. ಒಂದು ಪ್ಯಾಂಟು ಹರಡಿದಳು, ಜೇಬಿಗೆ ಕೈಹಾಕಿದಳು, ಹಾಗೇ ಕೂತುಬಿಟ್ಟಳು. ಹಡಗಿನಿಂದ ಗಂಡ ಫೋನ್ ಮಾಡಿದಾಗ, "ಅವನನ್ನ ಎರಡನೇ ಸಲ ಕಳಕೊಂಡೆ ಕಣ್ರೀ, ಈ ಸಲ ನನ್ನ ಕೈಯಾರೆ" ಎಂದಳು. ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಎರಡೆರಡು ಸಲ ಬಿಡಿಸಿ ಹೇಳಬೇಕಾಯಿತು. ಗಡ್ಡಣ್ಣ ಹಳೆಯ ಡಬ್ಬವನ್ನು ಏನೂ ತೆಗೆದುಕೊಳ್ಳದೆ ತಂದುಕೊಟ್ಟು ಹೋದ. ಖಾಲಿ ಡಬ್ಬ. ಅದನ್ನು ಎಲ್ಲಿಡುವುದೆಂದು ತಿಳಿಯದೆ ಅವಳು ಮಗನ ಮಂಚದ ಮೇಲಿಟ್ಟಳು.

ಹೊಸ ಕನ್ಸೋಲಿನ ಮೇಲೆ ಧೂಳು ಕೂರತೊಡಗಿತು. ಒಂದು ಭಾನುವಾರ ಮಧ್ಯಾಹ್ನ ಟೇಲರಮ್ಮ ತಾನೇ ಹೋಗಿ ಅದರ ಮುಂದೆ ಕೂತಳು.

"ಗುಂಡಿ, ಬಾರೆ ಇಲ್ಲಿ. ಇದನ್ನ ಹಚ್ಚೋದು ಹೇಗೆ?"

"ಯಾಕೆ?"

"ಅವನಿದ್ದ ಊರು ಹೇಗಿತ್ತು ಅಂತ ನೋಡ್ಬೇಕು ನಂಗೆ. ನೋಡದೇನೇ ಅಳಿಸಿಬಿಟ್ನಲ್ಲ."

ಗುಂಡಿ ಬಂದು ಪಕ್ಕದಲ್ಲಿ ಕೂತು, ಒಂದು ಕಂಟ್ರೋಲರ್ ಅಮ್ಮನಿಗೆ ಕೊಟ್ಟಳು. ಖಾಲಿ ದಡದಲ್ಲಿ ಎರಡು ಗೊಂಬೆ ನಿಂತವು. ಅಮ್ಮನ ಗೊಂಬೆ ಮರಕ್ಕೆ ಡಿಕ್ಕಿ ಹೊಡೆಯಿತು, ಹೊಳೆಗೆ ಬಿತ್ತು, ಎದ್ದು ಮತ್ತೆ ಅದೇ ಹೊಳೆಗೆ ಬಿತ್ತು. ಜೀವಮಾನವೆಲ್ಲ ಸೂಜಿಯ ಮೊನೆ ಹಿಡಿದ ಬೆರಳುಗಳು ಅಲ್ಲಿ ಹೆಡ್ಡಾಗಿದ್ದವು. ಗುಂಡಿ ಮರ ಕಡಿದು ಒಂದು ಕೋಣೆ ಎಬ್ಬಿಸಿದಳು. ಎರಡು ಮಂಚ ಹಾಕಿದಳು. ಆಟದಲ್ಲಿ ಸಂಜೆಯಾಯಿತು. ಸುಸ್ತಾದ ಟೇಲರಮ್ಮ ತನ್ನ ಗೊಂಬೆಯನ್ನು ಹೇಗೋ ಎಳೆದು ತಂದು ಮೊದಲು ಮಲಗಿಸಿದಳು. ಆಮೇಲೆ ಗುಂಡಿಯ ಗೊಂಬೆ ಮಲಗಿತು.

ಬೆಳಗಾಯಿತು. ಮೊದಲು ಮಲಗಿದ್ದು ಅಮ್ಮನ ಗೊಂಬೆ, ಹಾಗಾಗಿ ಎದ್ದು ಕೂತದ್ದೂ ಅದೇ. ಪಕ್ಕದಲ್ಲಿ ಗುಂಡಿಯ ಗೊಂಬೆ ಹೊದ್ದು ಮಲಗಿತ್ತು, ಹೊದಿಕೆ ಸಣ್ಣಗೆ ಏರಿಳಿಯುತ್ತಿತ್ತು. ಅದರ ತಲೆಯ ಮೇಲೆ ಒಂದು ಸಾಲು ಬೆಳಗಿತು.

"ಏನಂತೆ ಅದು?" ಎಂದಳು ಟೇಲರಮ್ಮ.

"ಎಬ್ಬಿಸಬೇಕಾ ಅಂತ ಕೇಳ್ತಿದೆ. ಹೌದು ಅನ್ನು."

ಹೌದು ಎನ್ನುವ ಬಟನ್ ಅದೇ ಜಾಗದಲ್ಲಿತ್ತು. ಟೇಲರಮ್ಮನ ಹೆಬ್ಬೆರಳು ಅದರ ಹತ್ತಿರ ಹೋಗಿ ನಿಂತಿತು. ಕಂಟ್ರೋಲರನ್ನು ಮಡಿಲಿಗೆ ಇಳಿಸಿದಳು.

"ಒತ್ತಿದ್ರೆ ಏನಾಗುತ್ತೆ, ಸರಿಯಾಗಿ ಹೇಳು. ಯಾವುದೂ ಹೋಗಲ್ಲ ತಾನೆ?"

"ಏನೂ ಹೋಗಲ್ಲ ಅಮ್ಮ. ನಾನು ಏಳ್ತೀನಿ, ಅಷ್ಟೆ."

ಟೇಲರಮ್ಮ ಕಣ್ಣು ಮುಚ್ಚಿ ಒತ್ತಿದಳು. ಕಣ್ಣು ತೆರೆದಾಗ ಗುಂಡಿಯ ಗೊಂಬೆ ಮಂಚದ ಮೇಲೆ ಎದ್ದು ಕೂತು, ಮೈಮುರಿದು, ಇವಳ ಗೊಂಬೆಯ ಕಡೆ ಕೈಬೀಸುತ್ತಿತ್ತು.

ಗುಂಡಿ ಅದನ್ನೇ ನೋಡುತ್ತಿದ್ದಳು.

"ಇಷ್ಟೇ ಇದ್ದಿದ್ದು ಅಮ್ಮ," ಎಂದಳು. "ಅವನೂ ಹೀಗೇ ಕೈಬೀಸ್ತಿದ್ದ. ಒಂದ್ಸಲ ಒತ್ತಿದ್ರೆ ಸಾಕಿತ್ತು. ನಾನು ಎಬ್ಬಿಸ್ಲೇ ಇಲ್ಲ."

ಅಷ್ಟು ತಿಂಗಳ ಅಳು ಆಗ ಬಂತು. ಟೇಲರಮ್ಮ ಅವಳನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ಮಾತನ್ನು ಹೇಳಿದಳು.

"ನಾನೂ ಎಬ್ಬಿಸ್ಲಿಲ್ಲ ಕಣೆ. ಆಸ್ಪತ್ರೇಲಿ. ನಿದ್ದೆ ಹತ್ತಿದೆ, ಮಲಗ್ಲಿ ಪಾಪ ಅಂದ್ಕೊಂಡು ಹೊದಿಕೆ ಹೊದಿಸಿ ಹೋದೆ."

ಗುಂಡಿ ಅಮ್ಮನ ಸೊಂಟವನ್ನು ಬಿಗಿಯಾಗಿ ಹಿಡಿದುಕೊಂಡಳು. ಕಂಟ್ರೋಲರ್‌ಗಳು ಎರಡೂ ನೆಲದ ಮೇಲೆ ಬಿದ್ದಿದ್ದವು. ಟೀವಿಯಲ್ಲಿ ಎರಡು ಗೊಂಬೆಗಳು ಎದ್ದು ನಿಂತು ಇವರನ್ನು ಕಾಯುತ್ತಿದ್ದವು. ಅಲ್ಲಿ ಬೆಳಗಾಗಿ ಬಹಳ ಹೊತ್ತಾಗಿತ್ತು.